ಕೊನೆಗಾಲದ ರೊಟ್ಟಿ

ರೊಟ್ಟಿ ಅರ್ಧ ಅಗಲವಾಗುವಷ್ಟರಲ್ಲಿ ರಾಹೇಲವ್ವ ಕೈ ನಿಲ್ಲಿಸಿ ಕಿವಿಗೊಟ್ಟಳು. ಸದ್ದು ಬಹಳ ಆಗುತ್ತಿತ್ತು. ಎದ್ದು ಹೋಗಿ ಹಳೆಯ ಕೌದಿಯೊಂದನ್ನು ಮಡಚಿ ತಂದು ಬಡಿಯುವ ಕಲ್ಲಿನ ಕೆಳಗೆ ಹಾಸಿದಳು. ಮತ್ತೆ ಬಡಿದಳು. ಈಗ ಪಟಪಟ ಹೋಗಿ ಧಬಧಬ ಆಯಿತು. ಮೊದಲಿಗಿಂತ ಹೆಚ್ಚು ಅನುಮಾನ ಹುಟ್ಟಿಸುವ ಸದ್ದು.

ಟಿಕೋಟಾದಲ್ಲಿ ರೊಟ್ಟಿ ಬಡಿಯುವುದು ಡಂಗುರ ಸಾರಿದ ಹಾಗೆ. ಮನೆಮಂದಿಗೆ ಬೇಕಾದಷ್ಟು ಬಡಿದರೆ ಯಾರೂ ತಲೆ ಎತ್ತುವುದಿಲ್ಲ. ಅದಕ್ಕಿಂತ ಒಂದು ಹಿಡಿ ಹಿಟ್ಟು ಹೆಚ್ಚಾದರೂ ಓಣಿಗೆ ಕಾರಣ ಹೇಳಬೇಕು. ರಾಹೇಲವ್ವನ ಪಕ್ಕದಲ್ಲಿ ಆಗಲೇ ಒಂದು ದೊಡ್ಡ ಬುಟ್ಟಿ ತುಂಬಿತ್ತು, ಎರಡನೆಯದು ತುಂಬುತ್ತಿತ್ತು. ಕಾರಣವನ್ನು ಮಾತ್ರ ಯಾರಿಗೂ ಹೇಳುವಂತಿರಲಿಲ್ಲ. ಏಕೆಂದರೆ ನಾಳೆ ರವಿವಾರ ಸಂಜೆ ಲೋಕ ಮುಳುಗುವುದಿತ್ತು.

ಹಾಗೆಂದು ಹೇಳಿದವನು ಪ್ರವಾದಿ ಅಣ್ಣ. ಹೋದ ತಿಂಗಳು ಹೊನವಾಡದಲ್ಲಿ ಒಬ್ಬರ ಮನೆಯ ಪ್ರಾರ್ಥನೆಗೆ ಹೋದಾಗ ಅವಳು ಅವನನ್ನು ಮೊದಲು ನೋಡಿದ್ದು. ಬಿಳಿ ಅಂಗಿ, ಬಿಳಿ ಬೂಟು, ಮೋಟಾರ್ ಸೈಕಲ್ಲೂ ಬಿಳಿ. "ಮಹಾಸಂಕಟ ಬರಾಕತ್ತೈತಿ. ಸೂರ್ಯ ಕರ್ರಗಾಗ್ತಾನ. ಆಮ್ಯಾಲ ಮೈಮ್ಯಾಲ ಗುರುತಿಲ್ಲದವರು ಒಂದು ಕಡ್ಡಿಪೆಟ್ಟಿಗಿ ಕೊಳ್ಳಾಕೂ ಆಗೂದಿಲ್ಲ, ಮಾರಾಕೂ ಆಗೂದಿಲ್ಲ" ಎಂದಿದ್ದ. ಆಯ್ದ ಜನರಿಗಾಗಿ ಬಬಲೇಶ್ವರದ ಆಚೆ ಹೊಲವೊಂದರಲ್ಲಿ ತಗಡಿನ ಪತ್ರಾಸಿನ ಶೆಡ್ಡು ಹಾಕಿದ್ದ. ಅದರ ಹೆಸರು 'ಆಶ್ರಯ'. ಅಲ್ಲಿಗೆ ಹೋಗಲು ಹೊನವಾಡದ ಶಾಂತವ್ವ ಎಂಬ ವಿಧವೆ ತನ್ನ ಆಡುಗಳನ್ನೆಲ್ಲ ಮಾರಿಬಿಟ್ಟಿದ್ದಳು. ಪ್ರವಾದಿ ಅಣ್ಣ ರಾಹೇಲವ್ವನಿಗೆ ಹೇಳಿದ್ದು ಮಾತ್ರ ಬೇರೆ: "ತಂಗೀ, ನಿನ್ನ ಕೈಯಾಗ ವರ ಐತಿ. ತಿಂಗಳಗಟ್ಟಲೆ ಕೆಡದ ಖಡಕ್ ರೊಟ್ಟಿ ಮಾಡಿ ಕೊಡು. ಪ್ರತಿಯೊಂದರ ಮ್ಯಾಲ ಎಳ್ಳಿನ್ಯಾಗ ಶಿಲುಬಿ ಗುರುತು ಹಾಕು. ಗಂಡಗ ಹೇಳಬ್ಯಾಡ. ಅವ ಬಿಸೀನೂ ಅಲ್ಲ, ತಣ್ಣಗೂ ಅಲ್ಲ."

ಆ ಕಡೆಯ ಮಾತು ನಿಜವೇ ಇರಬೇಕು ಎನ್ನಿಸಿತ್ತು ಅವಳಿಗೆ. ಗಂಡ ಯೋಹಾನಪ್ಪ ಸ್ನಾನದ ನೀರನ್ನೂ ಉಗುರುಬೆಚ್ಚಗೇ ಕೇಳುತ್ತಿದ್ದ.

ಆದರೆ ಅವಳನ್ನು ಎಳೆದದ್ದು ಸಂಕಟದ ಮಾತಲ್ಲ, ಕೈಯ ಮಾತು. ಮದುವೆಯಾಗಿ ಬಂದಾಗಿನಿಂದ ಬಡಿದ ರೊಟ್ಟಿ ಸಾಲಾಗಿ ಇಟ್ಟರೆ ವಿಜಾಪುರ ಮುಟ್ಟಿ ತಿರುಗಿ ಬರಬಹುದಿತ್ತು. ಗಂಡ ತಿಂದಿದ್ದ, ಮಗಳು ಕೃಪಾ ತಿಂದಿದ್ದಳು, ಪ್ರತಿ ರವಿವಾರ ಆರಾಧನೆಯ ನಂತರ ಸಭೆಯ ಪಾಲಕರು ದೇವಪುತ್ರಪ್ಪನವರೂ ತಿಂದಿದ್ದರು. ಒಬ್ಬರೂ ಚೆನ್ನಾಗಿದೆ ಎಂದದ್ದಿಲ್ಲ. ಅಂಥ ಕೈಗೆ ಪರಲೋಕದಿಂದಲೇ ಬೇಡಿಕೆ ಬಂದರೆ ಯಾವ ಹೆಂಗಸು ಇಲ್ಲವೆಂದಾಳು? ಅವಳ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಎರಡು ಗಂಟು ಆಗಲೇ, ಒಂದೊಂದಾಗಿ, ಅವನ ಬಿಳಿ ಗಾಡಿಯ ಮೇಲೆ ಹೋಗಿದ್ದವು. ಮೂರನೆಯದನ್ನು ಹೊತ್ತುಕೊಂಡು ನಾಳೆ ಮುಂಜಾನೆ ಅವಳೇ ಹೋಗುವುದಿತ್ತು. ಯಾರಿಗೂ ಹೇಳದೆ. ಸಭೆ ಬಿಟ್ಟು, ಮನೆ ಬಿಟ್ಟು.

"ಏನ್ ಬೇ ರಾಹೇಲಾ, ಬುಟ್ಟಿಗಟ್ಟಲೆ ರೊಟ್ಟಿ? ಯಾರ ಲಗ್ನ?"

ಗೋಡೆಯ ಮೇಲೆ ಪಕ್ಕದ ಮನೆಯ ಇಮಾಮಬಿಯ ತಲೆ ಉದಯಿಸಿತ್ತು.

"ಯಾರ್ದೂ ಇಲ್ಲ ಆಪಾ. ಹಿಟ್ಟು ಹಳೇದಾಗಿತ್ತು, ಸುಮ್ನ..."

"ಹಳೇ ಹಿಟ್ಟಿಗಿ ಜಿಗಿ ಇರ್ತೈತೇನ? ನಿನ್ನ ರೊಟ್ಟಿ ನೋಡಿದ್ರ ಹುಣ್ಣಿವಿ ಚಂದ್ರ ನಾಚ್ಕೋಬೇಕು. ನನ್ನ ಮುಂದ ಸುಳ್ಳು ಹೇಳ್ತೀ?"

ರಾಹೇಲವ್ವನಿಗೆ ಸುಳ್ಳು ಬರುತ್ತಿರಲಿಲ್ಲ; ನಿಜ ಹೇಳುವಂತಿರಲಿಲ್ಲ. ನಡುವೆ ಉಳಿದದ್ದು ಸುಮ್ಮನಿರುವುದು. ಬೆಳೆದ ಮಗಳಿರುವ ತಾಯಿ ಸುಮ್ಮನಾದರೆ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ. ಇಮಾಮಬಿ ಕಣ್ಣರಳಿಸಿ, "ಯಾ ಅಲ್ಲಾ! ಕೃಪಾನ ನಿಶ್ಚಯ!" ಎಂದು ಗೋಡೆಯಿಂದ ಅಸ್ತಮಿಸಿದಳು. ಅವಳು ಮತ್ತೆ ಕಂಡದ್ದು ಬಾಗಿಲಲ್ಲಿ, ಕಂಕುಳಲ್ಲಿ ತನ್ನ ರೊಟ್ಟಿ ಹಲಗೆಯೊಂದಿಗೆ. ಹಿಂದೆ ಎದುರುಮನೆಯ ಚಂದ್ರಕಲಾ.

"ಅಲ್ಲ ರಾಹೇಲಕ್ಕಾ, ಒಂದು ಮಾತು ಹೇಳಬಾರದೇನ? ಗಂಡು ಎಲ್ಲ್ಯಾಂವ?"

"ಗಂಡೂ ಇಲ್ಲ, ಏನೂ ಇಲ್ಲ ಚಂದ್ರಕಲಾ, ದೇವರಾಣಿ..."

"ಮುಚ್ಚಬ್ಯಾಡ. ನಿನ್ನೆ ಬಬಲೇಶ್ವರದ ಬಸ್ಸು ಎಷ್ಟೊತ್ತಿಗಿ ಅಂತ ನನ್ನ ಕೇಳಿಲ್ಲೇನ? ಬೀಗರು ಬಬಲೇಶ್ವರದವರು! ಖರೇ ಹೌದಿಲ್ಲೋ?"

ಬಬಲೇಶ್ವರದ ಹೆಸರು ಕೇಳಿ ರಾಹೇಲವ್ವನ ಕೈಯಲ್ಲಿದ್ದ ರೊಟ್ಟಿ ಹರಿದು ಎರಡಾಯಿತು. ಅದೇ ಸಾಕ್ಷಿಯಾಯಿತು.

ಶುಭಕಾರ್ಯದ ಮನೆಗೆ ಕರೆಯದೆಯೇ ಬಂದು ರೊಟ್ಟಿ ಬಡಿಯುವುದು ಆ ಓಣಿಯ ಪದ್ಧತಿ. ಬಡಿಯಲು ಬಂದವರಿಗೆ ಉಣ್ಣಲು ಹಾಕುವುದು ಮನೆಯವಳ ಪದ್ಧತಿ. ಊಟದ ಹೊತ್ತಿಗೆ ಅಂಗಳದಲ್ಲಿ ಮೂರು ಒಲೆ ಹೊತ್ತಿದವು. ಯಾರೋ ಬದನೆಕಾಯಿ ತಂದು ಎಣಗಾಯಿಗೆ ಇಟ್ಟರು, ಯಾರೋ ಶೇಂಗಾ ಹಿಂಡಿ ಕುಟ್ಟಿದರು. ಬಂದವರ ಮಕ್ಕಳು ಬಂದವು, ಮಕ್ಕಳನ್ನು ಕರೆಯಲು ಅಜ್ಜಿಯರು ಬಂದರು, ಅಜ್ಜಿಯರನ್ನು ಹುಡುಕಿಕೊಂಡು ಅಜ್ಜಂದಿರು ಬಂದರು. ಬಡಿಯುವ ಕೈಗಿಂತ ಮುರಿಯುವ ಕೈ ಹೆಚ್ಚಾದವು. ಬುಟ್ಟಿಯ ರೊಟ್ಟಿ ಮಿಡತೆ ಕೂತ ಜೋಳದ ಹೊಲದಂತೆ ನೋಡನೋಡುತ್ತ ಕರಗಿತು. ಮಹಾಸಂಕಟಕ್ಕೆಂದು ಕೂಡಿಟ್ಟದ್ದು ಒಂದು ಮಧ್ಯಾಹ್ನಕ್ಕೂ ಸಾಲಲಿಲ್ಲ.

"ಇದೇನಕ್ಕಾ, ಎಳ್ಳು ಹಿಂಗ್ಯಾಕ ಹಚ್ಚೀದಿ?" ಎಂದು ಚಂದ್ರಕಲಾ ಒಂದನ್ನು ಎತ್ತಿ ತೋರಿಸಿದಳು.

"ಅವರ ಮಂದ್ಯಾಗ ನಿಶ್ಚಯಕ್ಕ ಹಂಗs ಮಾಡ್ತಾರ, ನಿನಗೇನ ಗೊತ್ತು" ಎಂದು ಇಮಾಮಬಿ ರಾಹೇಲವ್ವನ ಪರವಾಗಿ ಉತ್ತರ ಕೊಟ್ಟು, ಶಿಲುಬೆಯ ಒಂದು ತೋಳನ್ನು ಮುರಿದು ಬಾಯಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಪಾಲಕರು ದೇವಪುತ್ರಪ್ಪನವರೂ ಕೊಡೆಯನ್ನು ಊರಿಕೊಂಡು ಬಂದರು. ವಯಸ್ಸಾದವರು, ಮೆತ್ತಗಿನ ಮಾತು. ಅವರ ರವಿವಾರದ ಪ್ರಸಂಗ ಎಷ್ಟು ಉದ್ದವೆಂದರೆ ಆರಂಭದಲ್ಲಿ ನಿದ್ದೆ ಹೋದವರು ಎದ್ದು, ಕೇಳಿ, ಮತ್ತೆ ನಿದ್ದೆ ಹೋಗಬಹುದಿತ್ತು.

"ನನಗೊಂದು ಮಾತು ಹೇಳಿದ್ರ ಪ್ರಾರ್ಥನಾ ಮಾಡಾಕ ಮುಂಜಾನೆನs ಬರ್ತಿದ್ನೆಲ್ಲ ಮಗಳ" ಎಂದರು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮೆತ್ತಗಿನ ಮಾತಿಗೆ ರಾಹೇಲವ್ವನ ಕಣ್ಣು ತುಂಬಿದವು. ಒಲೆಯ ಹೊಗೆ ಎಂದು ಸೆರಗಿನಿಂದ ಒರೆಸಿಕೊಂಡಳು.

"ಮಗಳು ಹೋಗ್ತಾಳಂತ ಅಳಾಕತ್ತಾಳ, ಪಾಪ" ಎಂದು ಹೆಂಗಸರೂ ಕಣ್ಣು ಒರೆಸಿಕೊಂಡರು.

ಚಂದ್ರಕಲಾ ಖಾಲಿ ಬುಟ್ಟಿ ನೋಡಿ ಕೂಡಲೇ ಯೋಹಾನಪ್ಪನಿಗೆ ಫೋನು ಹಚ್ಚಿದಳು. ಅವನು ವಿಜಾಪುರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಮಗಳು ಕೃಪಾ ಅಲ್ಲೇ ನರ್ಸಿಂಗ್ ಓದುತ್ತಿದ್ದಳು. "ಅಣ್ಣಾ, ಮಗಳ ನಿಶ್ಚಯದ ದಿನಾನೂ ನಟ್ಟು ಬೋಲ್ಟು ತಿರುವ್ಕೋತ ಕುಂತೀಯೇನು? ಕೃಪಾನ್ನ ಕರಕೊಂಡು ಬಾ. ಬರೂ ಮುಂದ ಖಾನಾವಳಿಯಿಂದ ಖಡಕ್ ರೊಟ್ಟಿ ತಗೊಂಡು ಬಾ, ಇಲ್ಲೆ ಸಾಲವಲ್ಲವು!"

ಹೊತ್ತು ಇಳಿಯುವ ಮುನ್ನ ಅಪ್ಪ ಮಗಳು ಬಸ್ಸಿನಿಂದ ಇಳಿದರು. ಅಪ್ಪನ ತಲೆಯ ಮೇಲೆ ಗಂಟು, ಮಗಳ ಮುಖದ ಮೇಲೆ ಕಾದ ಹಂಚು.

"ಯವ್ವಾ, ಯಾರ ನಿಶ್ಚಯ?"

"ನಿಂದs" ಎಂದಿತು ಅಂಗಳ.

"ಯಾರ ಜೋಡಿ?"

ಅಂಗಳಕ್ಕೆ ಅಂಗಳವೇ ರಾಹೇಲವ್ವನ ಕಡೆ ತಿರುಗಿತು. ಅವಳು ಸೆರಗಿನ ತುದಿ ಹಿಂಡುತ್ತ, "ಯಾರ ಜೋಡೀನೂ ಇಲ್ಲ" ಎಂದಳು. ಮುಂಜಾನೆಯಿಂದ ಅವಳು ಹೇಳುತ್ತಿದ್ದದ್ದೂ ಅದನ್ನೇ.

ಚಂದ್ರಕಲಾ ನಿಟ್ಟುಸಿರು ಬಿಟ್ಟು, "ಮುರೀತಂತ. ಬಬಲೇಶ್ವರದವರು ಕೈ ಕೊಟ್ರು" ಎಂದಳು.

"ಹ್ವಾದ್ರ ಹೋಗ್ಲಿ ಬಿಡ್ರಿ, ಹುಡುಗಿಗೇನ ಕಡಿಮಿ ಐತಿ?" ಎಂದಳು ಇಮಾಮಬಿ. "ಇವತ್ತಿಂದ ನಾವೆಲ್ಲಾರೂ ಗಂಡು ಹುಡುಕ್ತೀವಿ."

ಕೃಪಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಯೋಹಾನಪ್ಪ ಏನೂ ತಿಳಿಯದೆ, ತಿಳಿದುಕೊಳ್ಳುವ ಆತುರವೂ ಇಲ್ಲದೆ, ಗಂಟನ್ನು ಇಳಿಸಿದ. "ಬಂದವರು ಉಣ್ರಿ ಮೊದ್ಲ. ಖಾನಾವಳ್ಯಾಗ ಹೊಸಾ ಮಾಲು ಬಂದೈತಿ. ಯಾರೋ ಬಿಳೀ ಗಾಡಿಯಾಂವ ತಂದು ಮಾರ್ತಾನಂತ. ಗಿರಾಕಿ ಬಂದವ್ರು 'ಗುರುತಿಂದs ಕೊಡ್ರಿ' ಅಂತ ಕೇಳ್ತಾರಂತ ನೋಡ್ರಿ. ಗುರುತಿಲ್ಲದ್ದು ಯಾರೂ ಕೊಳ್ಳವಲ್ಲರಂತ!"

ಗಂಟು ಬಿಚ್ಚಿದ. ಮೇಲಿನ ರೊಟ್ಟಿಯ ಮೇಲೆ ಎಳ್ಳಿನ ಶಿಲುಬೆ ಇತ್ತು. ಅದರ ಕೆಳಗಿನದರ ಮೇಲೂ ಇತ್ತು. ಅವನ್ನು ಸುತ್ತಿದ್ದದ್ದು ರಾಹೇಲವ್ವನದೇ ಹಳೆಯ ಹಸಿರು ಇಳಕಲ್ ಸೀರೆಯ ತುಂಡು.

ಲೋಕ ಮುಳುಗುವುದು ನಾಳೆ ಎಂದುಕೊಂಡಿದ್ದಳು; ಒಂದು ದಿನ ಮೊದಲೇ, ಅವಳ ಅಂಗಳದಲ್ಲೇ ಮುಳುಗಿತು. ಗುರುತಿಲ್ಲದೆ ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ ಎಂದಿದ್ದನಲ್ಲ, ಆ ಮಾತೊಂದು ಮಾತ್ರ ಅಕ್ಷರಶಃ ನಡೆದಿತ್ತು.

ದೇವಪುತ್ರಪ್ಪನವರು ಒಂದು ರೊಟ್ಟಿ ಎತ್ತಿಕೊಂಡು ಅಂಚಿನ ಸುತ್ತ ಬೆರಳಾಡಿಸಿದರು. ಮೂಸಿದರು.

"ಇದು ನಮ್ಮ ರಾಹೇಲನ ರೊಟ್ಟಿ" ಎಂದರು.

"ಇದು ವಿಜಾಪುರದ್ದು ಅಯ್ಯನವರ, ನಾನs ತಂದೀನಿ" ಎಂದು ಯೋಹಾನಪ್ಪ ನಕ್ಕ.

"ಇಷ್ಟು ವರ್ಷ ರವಿವಾರಕ್ಕೊಮ್ಮೆ ತಿಂದೀನಿ. ಅಂಚು ಕಾಗದದಂಗ, ನಡುವ ಹೂವಿನಂಗ. ಬ್ಯಾರೆ ಯಾರ ಕೈಗೂ ಹಿಂಗ ಬರೂದಿಲ್ಲ. ನನಗ ತಿಳಿಯೂದಿಲ್ಲೇನು?" ಎನ್ನುತ್ತ ಅವರು ತಲೆ ಎತ್ತಿದರು. ರಾಹೇಲವ್ವನ ಬಿಳಿಚಿದ ಮುಖ ನೋಡಿದರು, ಶಿಲುಬೆ ನೋಡಿದರು, ಸೀರೆಯ ತುಂಡು ನೋಡಿದರು. ಬಿಳಿ ಗಾಡಿಯವನ ಸುದ್ದಿ ಅವರ ಕಿವಿಗೂ ಬಿದ್ದಿರಬೇಕು. "ಹಂ... ನಂದs ತಪ್ಪಾತು. ಕಣ್ಣು ಮಬ್ಬು ನೋಡ್ರಿ" ಎಂದು ರೊಟ್ಟಿಯನ್ನು ಎಣಗಾಯಿಯಲ್ಲಿ ಅದ್ದಿದರು.

ಹೊರಡುವಾಗ ಮಾತ್ರ ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದರು: "ಸಂಕಟ ಬರ್ತೈತಿ ಮಗಳ, ಬರೂದಿಲ್ಲಂತಲ್ಲ. ಯಾವಾಗಂತ ದೇವರು ಯಾರ ಕಿವ್ಯಾಗೂ ಊದಿಲ್ಲ. ಬಂದಾಗ ಒಬ್ಬರಿಗೊಬ್ಬರು ರೊಟ್ಟಿ ಕೊಟ್ಟಕೊಂಡು ಇರೂದು, ಅಷ್ಟs. ನಾಳೆ ಆರಾಧನಾಕ್ಕ ಬಾ."

ಓಣಿ ಖಾಲಿಯಾಯಿತು. ಜೋಳದ ಡಬ್ಬಿಯೂ ಖಾಲಿಯಾಗಿತ್ತು. ಮಗಳು ಮಾತಾಡುತ್ತಿರಲಿಲ್ಲ. ಚಂದ್ರಕಲಾ ಆಗಲೇ ಬಿಜ್ಜರಗಿಯ ಕಡೆ ಒಂದು ಗಂಡು ಗೊತ್ತು ಮಾಡಿಕೊಂಡಿದ್ದಳು. ಗಂಡ ಉಗುರುಬೆಚ್ಚಗಿನ ನೀರು ಕೇಳಿದ. ರಾಹೇಲವ್ವ ಹಂಡೆಯಿಂದ ತೋಡಿ ಕೊಟ್ಟಳು. ಬಚ್ಚಲಿಗೆ ಹೋಗುತ್ತ ಅವನು, "ಆ ರೊಟ್ಟಿ ಛಲೋ ಇದ್ವು ಬಿಡು. ನಿನ್ನವೂ ಹಂಗs ಇರ್ತಾವ" ಎಂದ. ಇಷ್ಟು ವರ್ಷಕ್ಕೆ ಗಂಡನ ಬಾಯಿಂದ ಬಂದ ಒಂದು ಹೊಗಳಿಕೆ, ಅದೂ ಖಾನಾವಳಿಯ ಲೆಕ್ಕಕ್ಕೆ ಹೋಯಿತು. ಅವಳಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು.

ಮುಸ್ಸಂಜೆಗೆ ಫೋನು ಬಡಿಯಿತು.

"ತಂಗೀ, ದರ್ಶನ ಆತು" ಎಂದ ಪ್ರವಾದಿ ಅಣ್ಣ. "ದೇವರು ಒಂದು ತಿಂಗಳು ಮುಂದಕ್ಕ ಹಾಕ್ಯಾನ. ನೀ ನಾಳೆ ಬರೂದು ಬ್ಯಾಡ. ರೊಟ್ಟಿ ಮಾತ್ರ ಮಾಡಿಡು. ಈ ಸಲ ಎರಡು ಗಂಟು ಆಗ್ಲಿ."

"ಆತ್ರಿ ಅಣ್ಣಾ. ಹೊನವಾಡದ ಶಾಂತಕ್ಕ ಬಂದಾಳೇನ್ರಿ?"

"ಬಂದಾಳ, ಆಡಿನ ರೊಕ್ಕ ದೇವರಿಗಿ ಒಪ್ಪಿಸಿ ಶೆಡ್ಡಿನ್ಯಾಗ ಪ್ರಾರ್ಥನಾ ಮಾಡ್ಕೋತ ಕುಂತಾಳ. ಇನ್ನೂ ಮೂರ್ನಾಕ ಮಂದಿ ಹೆಣ್ಣಮಕ್ಕಳದಾರ."

ರಾಹೇಲವ್ವ ಫೋನು ಇಟ್ಟಳು. ಪತ್ರಾಸಿನ ಕೆಳಗೆ, ಆಡಿಲ್ಲದ, ಮನೆಯಿಲ್ಲದ ಆ ಹೆಂಗಸರು ಕಣ್ಣು ಮುಚ್ಚಿ ಕೂತದ್ದು ಅವಳ ಕಣ್ಣಿಗೆ ಕಟ್ಟಿತು. ಬಾಯಿಮಾತಿಗೆ ಅವರು ನಂಬುವುದಿಲ್ಲ, ತಾನೂ ನಂಬುತ್ತಿರಲಿಲ್ಲ; ಕಣ್ಣಿಗೇ ತೋರಿಸಬೇಕು. ಖಾನಾವಳಿಯಿಂದ ಬಂದ ಗಂಟಿನ ತಳದಲ್ಲಿ ಒಂದೇ ಒಂದು ರೊಟ್ಟಿ ಉಳಿದಿತ್ತು. ಅದನ್ನು ಮುರಿಯದಂತೆ ಅದೇ ಹಸಿರು ಸೀರೆಯ ತುಂಡಿನಲ್ಲಿ ಸುತ್ತಿ ಕೈಚೀಲದ ತಳಕ್ಕೆ ಇಟ್ಟಳು.

"ಯವ್ವಾ, ಏನ್ ಮುಚ್ಚಿಡಾಕತ್ತೀ?" ಕೃಪಾ ಬಾಗಿಲು ತೆರೆದು ಕೇಳಿದಳು.

"ಏನಿಲ್ಲ. ಉಣ್ಣಾಕ ಬಾ."

ಮುಂಜಾನೆಯ ಮೊದಲ ಬಸ್ಸು ಹಿಡಿದರೆ ಆಯಿತು. ಯಾರಿಗೂ ಹೇಳದೆ ಬಬಲೇಶ್ವರಕ್ಕೆ ಹೋಗುವುದು ಹೇಗೂ ಮೊದಲೇ ನಿಶ್ಚಯವಾಗಿತ್ತು. ಈಗ ಬರುವಾಗ ಜೊತೆಗೆ ನಾಲ್ಕೈದು ಜನ ಇರಬಹುದು, ಅಷ್ಟೇ. ಅಯ್ಯನವರ ಪ್ರಸಂಗದ ಅಳತೆ ಅವಳಿಗೆ ಗೊತ್ತಿತ್ತು. ಹೋಗಿ, ಅವರನ್ನೆಲ್ಲ ಕರೆದುಕೊಂಡು ತಿರುಗಿ ಬಂದರೂ ಅದು ಮುಗಿದಿರುವುದಿಲ್ಲ.