ಕನಕಪ್ಪ ಕರೆದದ್ದು ಯಾರನ್ನು?

ಕೆರೂರಿನ ಟಗರಿನ ಕಾಳಗಕ್ಕೆ ಹೊರಟಿದ್ದ ಕನಕಪ್ಪನ ಟಗರು ಬಾದಾಮಿ ಬಸ್‌ಸ್ಟ್ಯಾಂಡಿನ ಎದುರು ಮುನಿಸಿಕೊಂಡ ಬೀಗರಂತೆ ಕೂತುಬಿಟ್ಟಿತು. ಕೆರೂರಿಗೆ ಒಯ್ಯಲು ಕಾದಿದ್ದ ಟಂಟಂ ಆಟೋದವ ಹಾರ್ನ್ ಹೊಡೆಯುತ್ತಿದ್ದ. ಈ ಸಲ ಗೆಲ್ಲದೆ ಮನೆ ಮೆಟ್ಟಿಲು ಹತ್ತಬೇಡ ಎಂದು ಹೆಂಡತಿ ರಂಗವ್ವ ಹೇಳಿಯೇ ಕಳಿಸಿದ್ದಳು.

“ಬಾ... ಬಾ ನನ್ನ ರಾಜಾ... ಬಾ!”

ಟಗರು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಗುಹೆ ನೋಡಲು ಬಂದ ಪ್ರವಾಸಿ ಬಸ್ಸಿನ ಪಕ್ಕ ನಿಂತಿದ್ದ ಬಿಳಿ ಸೀರೆಯ ಮುದುಕಿಯೊಬ್ಬಳು ಮಾತ್ರ ತಟ್ಟನೆ ತಿರುಗಿದಳು. ನೇರ ಬಂದವಳೇ ಕನಕಪ್ಪನ ಕೆನ್ನೆ ಸವರಿ, “ಬೋಲ್ ಬೇಟಾ” ಎಂದಳು.

“ನಿಮ್ಮನ್ನಲ್ರಿ ಯವ್ವಾ, ಟಗರಿಗೆ ಅಂದೆ... ಏ, ಬಾ!”

“ಹಾಂ ಬೇಟಾ!” ಮುದುಕಿ ಚೀಲದಿಂದ ಮೆಂತೆಸೊಪ್ಪಿನ ರೊಟ್ಟಿ ತೆಗೆದು ಅವನಿಗೊಂದು ತುಂಡು, ಟಗರಿಗೊಂದು ತುಂಡು ಕೊಟ್ಟಳು. ಟಗರು ಎದ್ದು ನಿಂತಿತು.

ಚಹಾದಂಗಡಿಯ ಅಬ್ದುಲಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. “ಲೇ ಕನಕಾ, ಅವ್ರು ಗುಜರಾತಿನವ್ರು. ಅವ್ರ ಭಾಷಾದಾಗ ಬಾ ಅಂದ್ರ ಅವ್ವ! ಆಗ್ಲಿಂದ ನೀ ಅವ್ವಾ ಅವ್ವಾ ಅಂತ ಒದರಾಕತ್ತೀ. ಹ್ವಾದ ವರ್ಷ ಚೀನಾದವ್ರು ಬಂದು ಬಾ ಅಂದ್ರು. ನಾ ಓಡಿಹೋಗಿ ನಿಂತ್ರ, ಎಂಟು ಚಾ ಬೇಕಂತ ಬೆರಳು ತೋರಿಸಿದ್ರು. ಅವ್ರಲ್ಲಿ ಬಾ ಅಂದ್ರ ಎಂಟಂತ!”

ಕನಕಪ್ಪ ನಗಲಿಲ್ಲ. ತಾನು ಕುರಿಗೆ, ನಾಯಿಗೆ, ಕೋಳಿಗೆ ಒದರುವ ಅದೇ ಒಂದಕ್ಷರವನ್ನು ಎಲ್ಲೋ ದೂರದ ಊರಿನಲ್ಲಿ ಕೂಸೊಂದು ಹೆತ್ತವಳಿಗೆಂದು ತೊದಲುತ್ತದೆ!

“ಅಲ್ಲೋ ಸಾಬಾ, ಅಲ್ಲಿ ಕೂಸು ಬಾ ಅಂದಕೂಡ್ಲೆ ಅವ್ವ ಓಡಿ ಬರ್ತಾಳಲ್ಲ? ಅಂದ್ರ ಅವ್ರ ಮಾತೂ ಖರೆ, ನಮ್ಮ ಮಾತೂ ಖರೆ!” ಎಂದ. ಕೈಯಲ್ಲಿದ್ದ ಹಗ್ಗ ಬಿಟ್ಟು ಮುದುಕಿಗೆ ಕೈಮುಗಿದ.

ಅಷ್ಟರಲ್ಲಿ ಮುದುಕಿಯ ಮಗ “ಬಾ! ಬಾ!” ಎಂದು ಕೂಗುತ್ತ ಪೇಟೆಯಿಂದ ಓಡಿ ಬಂದ. ಅವನ ಬೆನ್ನಿಗೇ ಬಾಳೆಹಣ್ಣಿನವರು, ನಾಯಿಗಳು, ಅರ್ಧ ಗಡ್ಡ ಬೋಳಿಸಿಕೊಂಡ ಹುಲ್ಲಪ್ಪ.

“ಏನಾತ್ರಿ? ಊರ ಮಂದಿನ್ನೆಲ್ಲ ಯಾಕ ಕರದ್ರಿ?” ಹುಲ್ಲಪ್ಪ ಏದುಸಿರು ಬಿಟ್ಟ.

ಮಗ ತಾಯಿಯ ಕೈ ಹಿಡಿದು ಬಸ್ಸಿನತ್ತ ನಡೆದ. ಉಳಿದ ಪ್ರವಾಸಿಗರೂ ನೂಕುನುಗ್ಗಲಲ್ಲಿ ಹತ್ತಿದರು. ಬಸ್ಸು ಹೊರಟಿತು. ಕನಕಪ್ಪ ಕಣ್ಣು ಮುಚ್ಚಿ ಕೈಮುಗಿದುಕೊಂಡೇ ನಿಂತಿದ್ದ.

“ಲೇ, ಟಗರೆಲ್ಲಿ?” ಅಬ್ದುಲಸಾಬ ಚೀರಿದ.

ಬಸ್ಸಿನ ಹಿಂದಿನ ಕಿಟಕಿಯಲ್ಲಿ ಎರಡು ಕೊಂಬು ಕಂಡವು. ರೊಟ್ಟಿಯ ಚೀಲದ ಹಿಂದೆಯೇ ಅದೂ ಮೆಟ್ಟಿಲು ಹತ್ತಿತ್ತು.

ಕನಕಪ್ಪ ಧೋತರ ಎತ್ತಿ ಕಟ್ಟಿ ಓಡಿದ. “ಬಾ! ಏ, ಬಾ! ಬಾ!”

ಮುದುಕಿ ಕಿಟಕಿಯಿಂದ ತಲೆ ಹೊರಹಾಕಿದಳು. ಹೆತ್ತ ಮಗನೂ ಅವಳನ್ನು ಇಷ್ಟು ಕರುಳು ಕಿತ್ತುಬರುವಂತೆ ಕರೆದಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನಿಗೆ ಕೈ ಬೀಸುತ್ತಲೇ ಇದ್ದಳು.