ಬಿಯರ್ ತೊಟ್ಟಿಗೆ ಬಿದ್ದ ಹೂಂಗುಟ್ಟುವ ಪೆಟ್ಟಿಗೆ

"ಈಗ ನಾನು ಮಾತಾಡ್ತೀನಿ. ಇದು ಏನ್ ಮಾಡುತ್ತೆ, ನೋಡ್ತಾ ಇರಿ!"

ಜೆಕ್ ದೇಶದ ಒಂದು ಬಿಯರ್ ಕಾರ್ಖಾನೆಯ ಬಾಗಿಲಲ್ಲಿ ನಿಂತು ನಂಜುಂಡಾರಾಧ್ಯರು ಕೊರಳಿಗೆ ತೂಗುಹಾಕಿಕೊಂಡಿದ್ದ ಪೆಟ್ಟಿಗೆಯ ಗುಂಡಿ ಒತ್ತಿದರು.

"ನಿನ್ನೆ ಹೋಟೆಲಿನಲ್ಲಿ ಬಿಸಿನೀರು ಬರ್ಲಿಲ್ಲ."

"ಹೂಂ," ಎಂದಿತು ಪೆಟ್ಟಿಗೆ.

"ಕೆಳಗೆ ಹೋಗಿ ಕೇಳ್ದೆ."

"ಹೌದಾ? ಆಮೇಲೆ?"

ಆರಾಧ್ಯರ ಮುಖ ಊರಗಲವಾಯಿತು. ತುಮಕೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಬುದ್ಧಿಯನ್ನೆಲ್ಲ ಸುರಿದು ಮಾಡಿದ ಯಂತ್ರವಿದು. ಕತೆ ಹೇಳುವವನಿಗೆ ಹೂಂಗುಟ್ಟುವವರೊಬ್ಬರು ಬೇಕೇ ಬೇಕು. ಹೆಂಡತಿ ತೀರಿಹೋದ ಮೇಲೆ ಅವರ ಮನೆಯಲ್ಲಿ ಹೂಂ ಎನ್ನುವ ಜೀವವೇ ಇರಲಿಲ್ಲ. ಭಾಷೆ ಯಾವುದಾದರೂ ಸರಿ, ಮಾತು ನಿಂತಲ್ಲಿ ಯಂತ್ರ ಹೂಂ ಎನ್ನುತ್ತಿತ್ತು. ಯೂರೋಪ್ ಟೂರಿಗೆ ಬಂದದ್ದೂ ಮನುಷ್ಯರ ಜೊತೆ ನಾಲ್ಕು ಮಾತಾಡಬಹುದೆಂಬ ಆಸೆಯಿಂದಲೇ. ಆದರೆ ಗುಂಪಿನಲ್ಲಿ ಎಲ್ಲರೂ ಗಂಡ ಹೆಂಡತಿ. ಜಗಳವಾಡುವುದಕ್ಕೂ ಅವರವರಿಗೆ ಅವರವರೇ ಇದ್ದರು.

"ಚೆನ್ನಾಗೈತೆ ಬುಡಿ ಸ್ವಾಮಿ," ಎಂದರು ಮಂಡ್ಯದ ಲಕ್ಕಪ್ಪಗೌಡರು, ಕಣ್ಣು ಒಳಗಿನ ಪೀಪಾಯಿಗಳ ಮೇಲೆ. "ಈಗ ನಡೀರಿ. ಸುತ್ತಿ ಮುಗುಸುದ್ರೆ ತಾನೆ ಬಿಯರ್ ಕೊಡೋದು!"

ಗೈಡ್ ಯಾನ್ ಎಂಬ ಮುದುಕ. ಬಂದವರೆಲ್ಲ ಕೊನೆಯ ಲೋಟಕ್ಕೇ ಕಾಯುವವರಾದ್ದರಿಂದ, ಬಾರ್ಲಿ ನೆನೆಸುವುದು, ಮೊಳಕೆ ಬರಿಸುವುದು, ಒಣಗಿಸುವುದು ಎಲ್ಲವನ್ನೂ ಆತ ಒಂದೇ ಉಸಿರಿನಲ್ಲಿ ಒದರಿ ಮುಗಿಸುತ್ತಿದ್ದ. ಇವತ್ತು ಆ ಉಸಿರು ಎಳೆದುಕೊಳ್ಳಲು ನಿಂತದ್ದೇ ತಡ, "ಹೌದಾ? ಆಮೇಲೆ?" ಎಂದಿತು ಪೆಟ್ಟಿಗೆ.

ಯಾನ್ ಗಕ್ಕನೆ ತಿರುಗಿದ. ಕನ್ನಡ ಬಾರದಿದ್ದರೂ ಆ ದನಿಯಲ್ಲಿದ್ದ ಕುತೂಹಲ ಅವನಿಗೆ ತಿಳಿಯಿತು. ಕಣ್ಣರಳಿಸಿ ಬಾರ್ಲಿಯಿಂದ ಮತ್ತೆ ಶುರುಮಾಡಿದ! ಬಾರ್ಲಿಯಿಂದ ತನ್ನ ತಾತನಿಗೆ ಹೋದ, ತಾತನಿಂದ ತಾತನ ಕುದುರೆಗೆ. ಕುದುರೆಗೆ ಹಲ್ಲುನೋವು ಬಂದಲ್ಲಿಗೆ ಗೌಡರ ತಾಳ್ಮೆ ತಪ್ಪಿತು.

"ಅದುನ್ನ ಆಫ್ ಮಾಡ್ರೀ ಸ್ವಾಮಿ! ಗಂಟ್ಲು ಒಣಗೋಯ್ತು!"

"ಪಾಪ, ಹೇಳ್ಲಿ ಬಿಡ್ರೀ! ಕೇಳೋರು ಸಿಗೋದು ಎಷ್ಟು ಕಷ್ಟ ಗೊತ್ತಾ?"

"ನೀವು ಕುಡಿಯೋರಲ್ಲ, ನಿಮ್ಗೇನ್ ಗೊತ್ತು ಕಷ್ಟ! ಕೊಡಿ ಇಲ್ಲಿ!"

ಎಳೆದಾಟದಲ್ಲಿ ಪಟ್ಟಿ ಹರಿದು ಪೆಟ್ಟಿಗೆ ಹುಳಿ ಬರುತ್ತಿದ್ದ ಬಿಯರಿನ ತೊಟ್ಟಿಗೆ ಬಿತ್ತು. ತೊಟ್ಟಿ ಗುಳುಗುಳು ಎಂದಿತು. "ಹೂಂ," ಎಂದಿತು ಪೆಟ್ಟಿಗೆ, ಒಳಗಿನಿಂದ. ತೊಟ್ಟಿ ಇನ್ನಷ್ಟು ಗುಳುಗುಳಿಸಿತು. "ಹೌದಾ? ಆಮೇಲೆ?" ಅಷ್ಟೇ ಸಾಕಾಯಿತು! ಕೇಳುವವರು ಸಿಕ್ಕ ಹುರುಪಿಗೆ ತೊಟ್ಟಿ ಉಕ್ಕಿತು. ನಾವೇನು ಕಡಿಮೆ ಎಂದು ಪಕ್ಕದ ತೊಟ್ಟಿಗಳೂ ಉಕ್ಕಿದವು. ನೊರೆ ಮಂಡಿಗೆ ಬಂತು, ಸೊಂಟಕ್ಕೆ ಬಂತು. ಎಲ್ಲರೂ ಕಿರುಚಾಡುತ್ತಿದ್ದರೆ ಗೌಡರು ಮಾತ್ರ ಬಗ್ಗಿ ಎರಡು ಬೊಗಸೆ ಕುಡಿದರು.

ಯಾನ್ ಉದ್ದ ಹಿಡಿಯ ಜಾಲರಿಯಿಂದ ಪೆಟ್ಟಿಗೆಯನ್ನು ಎತ್ತಿ ಹೊರಗೆ ಹಾಕಿದ. ಅದು ಒಮ್ಮೆ ಬಿಕ್ಕಳಿಸಿತು. ಆಮೇಲೆ ಆರಾಧ್ಯರ ದನಿಯಲ್ಲೇ ಮಾತಿಗೆ ಶುರುಮಾಡಿತು! ಇಷ್ಟು ವರ್ಷ ಕೇಳಿಸಿಕೊಂಡದ್ದನ್ನೆಲ್ಲ ಈಗ ಕಾರಿಕೊಳ್ಳುತ್ತಿತ್ತು.

"ಇವತ್ತೂ ಉಪ್ಪಿಟ್ಟು ಮಿಕ್ತು. ಒಬ್ಬನಿಗೆ ಎಷ್ಟು ರವೆ ಹಾಕ್ಬೇಕು ಅಂತ ಇನ್ನೂ ಗೊತ್ತಾಗ್ತಿಲ್ಲ."

ಹೇಳಿ, ನಿಂತು ಕಾಯಿತು. ಯಾರೂ ಹೂಂ ಎನ್ನಲಿಲ್ಲ. ಅದನ್ನೇ ಇನ್ನೂ ಜೋರಾಗಿ ಹೇಳಿತು. ಕಿಟಕಿಯ ಗಾಜುಗಳು ಅದುರಿದವು. ಆರಾಧ್ಯರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಗುಂಡಿ ಒತ್ತಿದರು, ಗುದ್ದಿದರು, ಕೈಮುಗಿದರು. ಅದು ಬಾಯಿ ಮುಚ್ಚಲಿಲ್ಲ.

"ಹೂಂ ಅನ್ನಿ ಯಾರಾದ್ರೂ!" ಎಂದು ಗೌಡರ ಹೆಂಡತಿ ಕೆಂಪಮ್ಮ ಕಿವಿ ಮುಚ್ಚಿಕೊಂಡು ಚೀರಿದರು.

"ಹೂಂ," ಎಂದರು ಗೌಡರು.

ಪೆಟ್ಟಿಗೆ ದನಿ ತಗ್ಗಿಸಿ ಮುಂದುವರಿಸಿತು. "ಫೋನ್ ಬಂತು. ರಾಂಗ್ ನಂಬರ್. ಆದ್ರೂ ಎರಡು ಮಾತಾಡ್ದೆ."

"ಹೂಂ... ಆಮೇಲೆ?" ಈ ಸಲ ಗೌಡರ ದನಿಯೂ ಮೆತ್ತಗಾಗಿತ್ತು.

ಬಸ್ಸು ಹೊರಟಾಗ ಪೆಟ್ಟಿಗೆ ಗೌಡರ ತೊಡೆಯ ಮೇಲಿತ್ತು. ಎಲ್ಲರೂ ಸುತ್ತ ಸೇರಿ ಒಕ್ಕೊರಲಿನಿಂದ ಹೂಂಗುಟ್ಟುತ್ತಿದ್ದರು. ಕೆಂಪಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆರಾಧ್ಯರು ಹಿಂದಿನಿಂದ ಎದ್ದು ಬಂದು, "ಅವತ್ತು ನಿಜವಾಗಿ ಏನಾಯ್ತು ಅಂದ್ರೆ..." ಎಂದರು.

"ಶ್! ಮಧ್ಯ ಬಾಯಾಕ್ಬೇಡಿ ಸ್ವಾಮಿ!" ಎಂದು ಗೌಡರು ಗದರಿದರು. "ಪಾಪ, ಅದು ಯೋಳ್ಲಿ."

ಆರಾಧ್ಯರು ಸೀಟಿನ ಕಂಬಿ ಹಿಡಿದು ನಿಂತು, ಎಲ್ಲರೊಡನೆ ತಾವೂ ಹೂಂಗುಟ್ಟಿದರು. ಕತೆ ಚೆನ್ನಾಗಿತ್ತು. ಕತೆಯೊಳಗಿನ ಆ ಮನುಷ್ಯನನ್ನು ಯಾರಾದರೂ ಒಮ್ಮೆ ಮಾತಾಡಿಸಬಾರದಿತ್ತೇ ಎಂದು ಅವರಿಗೂ ಅನ್ನಿಸಿತು.