ಎರಡನೆಯ ಹೆಸರು ಉಚಿತ

ಯೂಜೀನ್ ಬರನ್ಸ್ಕಿಯ ಮನೆತನದ ಹೆಸರಿನ ಮೊದಲೆರಡು ಅಕ್ಷರಗಳೇ ಅವನ ಕೈಯ ಧಾರಾಳತನವನ್ನು ಹೇಳಿಬಿಡುತ್ತಿದ್ದವು. ಬಫಲೋ ನಗರದಲ್ಲಿ ಹುಟ್ಟಿ, ಅಲ್ಲೇ ಬಸ್ಸು ಓಡಿಸಿ, ಅಲ್ಲೇ ನಿವೃತ್ತನಾದ ಈ ಮಹಾನುಭಾವನಿಗೆ ಒಂದು ಜೀವನಸಿದ್ಧಾಂತವಿತ್ತು. ಊರು ಎಂದ ಮೇಲೆ ಅದನ್ನು ಅನುಭವಿಸಬೇಕು. ಆದರೆ ಅನುಭವಿಸುವುದಕ್ಕೆ ಟಿಕೇಟು ಕೊಳ್ಳುವವನಂಥ ದಡ್ಡ ಇನ್ನೊಬ್ಬನಿಲ್ಲ. ಚಿತ್ರಶಾಲೆಗೆ ಯಾವ ಸಂಜೆ ಬಿಟ್ಟಿ ಪ್ರವೇಶ, ಪಾರ್ಕಿನಲ್ಲಿ ಬ್ಯಾಂಡಿನವರು ಯಾವತ್ತು ಪುಕ್ಕಟೆ ಬಾರಿಸುತ್ತಾರೆ, ಸಂಗೀತ ಮುಗಿದ ಮೇಲೆ ಯಾವ ಚರ್ಚಿನವರು ಕೇಕು ಕೊಡುತ್ತಾರೆ, ಯಾರು ಬರೀ ಆಶೀರ್ವಾದ ಕೊಟ್ಟು ಕಳಿಸುತ್ತಾರೆ, ಎಲ್ಲವೂ ಅವನಿಗೆ ಬಾಯಿಪಾಠ.

ಅವನ ಹೆಂಡತಿ ಲೊರೆಟ್ಟಾ ಈ ಪುಕ್ಕಟೆ ಸಾಮ್ರಾಜ್ಯದ ಪಟ್ಟದ ರಾಣಿ. ಎರಡು ಮಡಚುವ ಕುರ್ಚಿಗಳನ್ನು ಕಾರಿನಿಂದ ಇಳಿಸುವುದು, ಮತ್ತೆ ಏರಿಸುವುದು, ಇವು ರಾಣಿಯ ಅಧಿಕಾರಗಳು. ಅವಳು ಅವನ ಎರಡನೆಯ ಹೆಂಡತಿ. ಅವಳ ಮೊದಲ ಗಂಡ ಅವಳನ್ನು ಬಿಟ್ಟು ಫ್ಲಾರಿಡಾದಲ್ಲಿ ಇನ್ನೊಬ್ಬಳ ಜೊತೆ ಸುಖವಾಗಿದ್ದ. ಯೂಜೀನನ ಮೊದಲ ಹೆಂಡತಿ ಐರೀನ್ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಚರ್ಚಿನ ಶುಕ್ರವಾರದ ಮೀನೂಟದಲ್ಲಿ ಒಂದೇ ಮೇಜಿಗೆ ಸಿಕ್ಕಿದ ಇಬ್ಬರೂ ಒಬ್ಬರಿಗೊಬ್ಬರು ಉಪ್ಪಿನ ಡಬ್ಬಿ ದಾಟಿಸುತ್ತ ದಾಟಿಸುತ್ತ ಅರವತ್ತು ದಾಟಿದ ವಯಸ್ಸಿನಲ್ಲಿ ಮದುವೆಯಾಗಿಬಿಟ್ಟಿದ್ದರು.

ಮೇ ತಿಂಗಳ ಒಂದು ಬೆಳಿಗ್ಗೆ ಲೊರೆಟ್ಟಾ ಕಾಫಿ ಬಟ್ಟಲನ್ನು ಅವನ ಮುಂದೆ ತುಸು ಜೋರಾಗಿಯೇ ಇಟ್ಟಳು.

"ಶನಿವಾರ ನಮ್ಮ ಮದುವೆ ದಿನ. ನೆನಪಿದೆಯಾ?"

"ನೆನಪಿಲ್ದೆ ಏನು. ಆಗಲೇ ಏರ್ಪಾಟು ಮಾಡಿದ್ದೀನಿ."

"ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿರೋ ಹೋಟೆಲ್ಲಾ?"

"ಅದಕ್ಕಿಂತ ವಿಶಾಲವಾದ ಜಾಗ. ಮರ, ಕೊಳ, ಬಾತುಕೋಳಿ. ಮ್ಯಾಗ್ನೋಲಿಯಾ ಬೇರೆ ಹೂ ಬಿಟ್ಟಿದೆ. ಕರಕೊಂಡು ಹೋಗಿ ವಿವರಿಸೋಕೆ ಒಬ್ಬ ಮನುಷ್ಯ ಇರ್ತಾನೆ. ಕೊನೇಲಿ ಕಾಫಿ, ಡೋನಟ್."

"ಯಾವ ಪಾರ್ಕು?"

"ಪಾರ್ಕು ಅಂತ ಖಂಡಿತವಾಗಿ ಹೇಳೋಕಾಗಲ್ಲ."

ಲೊರೆಟ್ಟಾ ಅವನನ್ನೇ ನೋಡಿದಳು. ಯೂಜೀನ್ ಕಾಫಿಯನ್ನು ನೋಡಿದ.

"ಜೀನ್, ಮದುವೆ ದಿನ ನನ್ನನ್ನ ಸ್ಮಶಾನಕ್ಕೆ ಕರಕೊಂಡು ಹೋಗ್ತಿದ್ದೀಯ."

"ಐತಿಹಾಸಿಕ ಸ್ಮಶಾನ," ಎಂದ ಅವನು.

ಅದು ಊರಿನಷ್ಟೇ ಹಳೆಯ, ಒಂದು ತುದಿಯಿಂದ ಇನ್ನೊಂದು ತುದಿಗೆ ಕಾರಿನಲ್ಲೇ ಹೋಗಬೇಕಾದಷ್ಟು ದೊಡ್ಡ ಸ್ಮಶಾನ. ಆ ಇನ್ನೊಂದು ತುದಿಯಲ್ಲೇ ಎಲ್ಲೋ ಐರೀನ್ ಮಲಗಿದ್ದಳು. ಯೂಜೀನ್ ಅದನ್ನು ಮರೆತಿದ್ದನೇ ಎಂದರೆ, ಇಲ್ಲ. ನೆನಪಿಟ್ಟುಕೊಂಡಿದ್ದನೇ ಎಂದರೆ, ಅದೂ ಇಲ್ಲ. ಎರಡನೆಯ ಮದುವೆಯಾದ ಮೇಲೆ ಅವನು ಆ ಕಡೆ ಹೋಗಿರಲಿಲ್ಲ. ಮೊದಮೊದಲು ಸಂಕೋಚದಿಂದ ಹೋಗಲಿಲ್ಲ. ಆಮೇಲೆ ಇಷ್ಟು ದಿನ ಹೋಗಲಿಲ್ಲವಲ್ಲ ಎಂಬ ನಾಚಿಕೆಯಿಂದ ಹೋಗಲಿಲ್ಲ. ಪ್ರವಾಸವಿರುವುದು ಮುಂದಿನ ಬಾಗಿಲ ಕಡೆ, ಹಳೆಯ ಶ್ರೀಮಂತರ ಗೋರಿಗಳ ನಡುವೆ. ಹಿಂದಿನ ತುದಿಗೆ ಯಾರು ಹೋಗುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ.

ಶನಿವಾರ ಹತ್ತಿಪ್ಪತ್ತು ಜನ ಸೇರಿದ್ದರು. ಮಾರ್ಗದರ್ಶಿ ಹಾರ್ಲನ್ ಎಂಬ ನಿವೃತ್ತ ಚರಿತ್ರೆ ಮೇಷ್ಟ್ರು. ಬದುಕಿದ್ದವರು ಯಾರೂ ತಮ್ಮ ಪಾಠವನ್ನು ಗಮನವಿಟ್ಟು ಕೇಳದೆ, ಕೊನೆಗೆ ಸತ್ತವರ ನಡುವೆ ನೆಮ್ಮದಿ ಕಂಡುಕೊಂಡಿದ್ದ ಪುಣ್ಯಾತ್ಮರು. ಅವರು ಎಲ್ಲರಿಗೂ ಹೆಸರು ಬರೆದು ಎದೆಗೆ ಅಂಟಿಸಿಕೊಳ್ಳುವ ಚೀಟಿ ಕೊಟ್ಟರು. ಯೂಜೀನ್ ತನ್ನ ಚೀಟಿಯ ಮೇಲೆ 'ಯೂಜೀನ್ ಬರನ್ಸ್ಕಿ' ಎಂದು ದಪ್ಪ ಅಕ್ಷರಗಳಲ್ಲಿ ಮುತುವರ್ಜಿಯಿಂದ ಬರೆದುಕೊಂಡ. ಚೀಟಿಯೂ ಪುಕ್ಕಟೆ, ಪೆನ್ನೂ ಪುಕ್ಕಟೆ.

ಮೊದಲ ಗಂಟೆ ಸೊಗಸಾಗಿಯೇ ಕಳೆಯಿತು. ಬಿಯರು ಮಾರಿ ಕೋಟ್ಯಧೀಶನಾದವನ ಅರಮನೆಯಂಥ ಗೋರಿ ನೋಡಿದರು. ಲೊರೆಟ್ಟಾಳ ಮುಖ ಕೂಡ ಸಡಿಲಾಗಿ, "ಹೂವು ಚೆನ್ನಾಗಿದೆ," ಎಂದಳು. ಯೂಜೀನ್ ಗೆದ್ದವನ ಹಾಗೆ ತಲೆ ತೂಗಿದ. ಅಷ್ಟರಲ್ಲಿ ಊರಂಚಿನ ಸರೋವರದ ಕಡೆಯಿಂದ ಮೋಡ ಎದ್ದಿತು. ಹಾರ್ಲನ್ ಮೇಷ್ಟ್ರು ಆಕಾಶ ನೋಡಿ, "ಮಳೆಗೆ ಮುಂಚೆ ಇನ್ನೊಂದು ತೋರಿಸಿಬಿಡ್ತೀನಿ. ಈ ಕಾಲದವರು ಸಾವನ್ನ ಹೇಗೆ ನೋಡ್ತಾರೆ ಅನ್ನೋದೂ ಗೊತ್ತಾಗಬೇಕಲ್ಲ," ಎಂದು ಎಲ್ಲರನ್ನೂ ವ್ಯಾನು ಹತ್ತಿಸಿ ಹಿಂದಿನ ತುದಿಗೆ ಕರೆದೊಯ್ದರು.

ಯೂಜೀನ್ ವ್ಯಾನಿನ ಕೊನೆಯ ಸೀಟಿಗೆ ಹೋಗಿ ಕೂತ. ಇಳಿದವನೇ ಗುಂಪಿನ ಹಿಂದೆ ಸರಿದ.

"ಈ ಕಲ್ಲು ನೋಡಿ," ಎಂದರು ಮೇಷ್ಟ್ರು. "ಹೆಂಡತಿ ತೀರಿಕೊಂಡಿದ್ದಾಳೆ. ಗಂಡ ತನ್ನ ಹೆಸರು, ಹುಟ್ಟಿದ ವರ್ಷ ಕೆತ್ತಿಸಿ, ಮುಂದೆ ಒಂದು ಗೆರೆ ಎಳೆಸಿ, ಜಾಗ ಖಾಲಿ ಬಿಟ್ಟಿದ್ದಾನೆ. ಅವಳನ್ನ ಸೇರೋ ದಿನಕ್ಕೆ ಕಾಯ್ತಾ ಇದ್ದಾನೆ, ಪಾಪ."

ಕೆಂಪು ಟೋಪಿಯ ಒಬ್ಬ ಹೆಂಗಸು ಗದ್ಗದವಾಗಿ ಓದಿದಳು. "ಪ್ರೀತಿಯ ಪತ್ನಿ ಐರೀನ್. ಪ್ರೀತಿಯ ಪತಿ ಯೂಜೀನ್ ಬರನ್ಸ್ಕಿ. ಎಂದೆಂದಿಗೂ ಜೊತೆಯಲ್ಲಿ."

ಓದಿ ಕಣ್ಣೊರೆಸಿಕೊಂಡು ತಿರುಗಿದಳು. ತಿರುಗಿದ ಕಣ್ಣು ನೇರವಾಗಿ ಯೂಜೀನನ ಎದೆಯ ಚೀಟಿಯ ಮೇಲೆ ಬಿತ್ತು. ಅವಳು ಚೀಟಿ ನೋಡಿದಳು, ಕಲ್ಲು ನೋಡಿದಳು, ಮತ್ತೆ ಚೀಟಿ ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಹಾಗೇ ನೋಡಿದರು. ಮುದುಕನೊಬ್ಬ ಮುಂದೆ ಬಂದು, ಮಾತಿಲ್ಲದೆ ಅವನ ಕೈ ಹಿಡಿದು ಕುಲುಕಿದ. (ಸತ್ತವನ ಮನೆಯವರಿಗೆ ಹೇಳುವುದಕ್ಕೆ ಮಾತಿರುತ್ತದೆ, ತನ್ನದೇ ಗೋರಿ ನೋಡಲು ಖುದ್ದಾಗಿ ಬಂದವನಿಗೆ ಏನು ಹೇಳುವುದು?)

ಲೊರೆಟ್ಟಾ ಕೈ ಎತ್ತಿದಳು, ತರಗತಿಯಲ್ಲಿ ಎತ್ತುವ ಹಾಗೆ.

"ಮೇಷ್ಟ್ರೇ, ಒಂದು ಪ್ರಶ್ನೆ. ಇಂಥ ಗಂಡ ಇನ್ನೊಂದು ಮದುವೆ ಆದ್ರೆ, ಆ ಎರಡನೆಯವಳನ್ನ ಎಲ್ಲಿ ಹಾಕ್ತಾರೆ?"

ಮೇಷ್ಟ್ರು ಇನ್ನೂ ಚೀಟಿ ನೋಡಿರಲಿಲ್ಲ. "ಒಳ್ಳೇ ಪ್ರಶ್ನೆ," ಎಂದರು ಸಂತೋಷದಿಂದ. "ಸಾಮಾನ್ಯವಾಗಿ ಅವಳ ಕಡೆಯೋರು ಏನಾದ್ರೂ ವ್ಯವಸ್ಥೆ ಮಾಡ್ತಾರೆ. ಯಾರೂ ಇಲ್ದಿದ್ರೆ, ಕಷ್ಟ."

ಲೊರೆಟ್ಟಾಳ ಕಡೆಯವರು ಯಾರೂ ಇರಲಿಲ್ಲ.

ಕಾಫಿ, ಡೋನಟ್ಟನ್ನು ಇಬ್ಬರೂ ಮುಟ್ಟಲಿಲ್ಲ. ಮಳೆ ಶುರುವಾಗಿತ್ತು. ಯೂಜೀನ್ ಕಾರಿನ ಗಾಜು ಒರೆಸುವ ಕಡ್ಡಿ ಹಾಕಿ ಮನೆಯ ದಾರಿ ಹಿಡಿದ.

"ಎಂದೆಂದಿಗೂ ಜೊತೆಯಲ್ಲಿ," ಎಂದಳು ಲೊರೆಟ್ಟಾ, ಅರ್ಧ ಊರು ದಾಟಿದ ಮೇಲೆ. "ಹಾಗಾದ್ರೆ ನಾನು ಯಾವಾಗಿನೋಳು? ಇಂಟರ್‌ವಲ್‌ನೋಳಾ?"

"ಕಲ್ಲಿನ ಅಂಗಡೀಲಿ ಎರಡು ಹೆಸರು ಒಟ್ಟಿಗೆ ಕೆತ್ತಿಸಿದ್ರೆ ಎರಡನೇದು ಉಚಿತ ಅಂದ್ರು," ಎಂದ ಯೂಜೀನ್. ಹೇಳಿದ ಮೇಲೆ, ಹೇಳಬಾರದಿತ್ತು ಎನ್ನಿಸಿತು.

"ನಿನ್ನ ಸಾವನ್ನೂ ಬಿಟ್ಟಿ ಸಿಗುತ್ತೆ ಅಂತ ಮುಂಗಡ ತಗೊಂಡಿದ್ದೀಯಲ್ಲ, ಜೀನ್. ಇರಲಿ. ಆದ್ರೆ ನನಗೊಂದು ಮಾತು ಹೇಳ್ಬೇಕಿತ್ತು. ಬದುಕಿರೋವಾಗ ಮಡಚೋ ಕುರ್ಚಿ ಕೊಟ್ಟೆ. ಸತ್ತ ಮೇಲೆ ಅದೂ ಇಲ್ಲ."

ಅವಳು ಅತ್ತಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಅಳಲಿಲ್ಲ. ಅಂದಿನಿಂದ ಮನೆಯಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು, ಅದೇ ಭಯಂಕರ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅಂಗಿಗಳು ಮಡಚಿ ಕಪಾಟು ಸೇರುತ್ತಿದ್ದವು. ಆದರೆ ಪಾರ್ಕಿನಲ್ಲಿ ಬ್ಯಾಂಡು ಇದೆ ಎಂದರೆ "ನೀನು ಹೋಗಿ ಬಾ" ಎನ್ನುವಳು. ಅವನು ಒಂದೇ ಕುರ್ಚಿ ಹೊತ್ತುಕೊಂಡು ಹೋದ. ಪಕ್ಕದಲ್ಲಿ "ಎಷ್ಟು ಹೊತ್ತು ಬಾರಿಸ್ತಾರೆ ಇವರು" ಎಂದು ಗೊಣಗುವವರಿಲ್ಲದೆ ಸಂಗೀತ ಸಪ್ಪೆಯಾಗಿತ್ತು. ರಾತ್ರಿ ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅವಳ ಬೆನ್ನನ್ನು ನೋಡುತ್ತಾ ಮಲಗಿದವನಿಗೆ, ಇವಳು ಆಗಲೇ ಒಂಟಿಯಾಗಿ ಮಲಗುವುದನ್ನು ಅಭ್ಯಾಸ ಮಾಡುತ್ತಿದ್ದಾಳೇನೋ ಎಂದು ದಿಗಿಲಾಗುತ್ತಿತ್ತು.

ಜೂನ್ ಕೊನೆಗೆ ಯೂಜೀನ್ ತನ್ನ ಜೀವಮಾನದಲ್ಲೇ ಮಾಡದ ಕೆಲಸ ಮಾಡಿದ. ಬೆಲೆ ಕೇಳದೆ ಒಂದು ಅಂಗಡಿಯೊಳಗೆ ಕಾಲಿಟ್ಟ.

ಕಲ್ಲು ಕೆತ್ತುವ ಸ್ಟಾಶ್ ಅವನ ಮಾತನ್ನು ಎರಡು ಸಲ ಹೇಳಿಸಿಕೊಂಡ. "ಹೆಸರು ಹಾಕಿಸೋಕೆ ಬರ್ತಾರೆ, ಬದುಕಿರೋನೇ ಬಂದು ತೆಗೆಸೋದು ನಾನು ನೋಡಿಲ್ಲ. ಬೇರೆ ಕಡೆ ಜಾಗ ಆಯ್ತಾ?"

"ಇನ್ನೂ ಇಲ್ಲ."

"ಮತ್ತೆ ಯಾಕೆ ಅವಸರ?"

"ಮನೇಲಿ ಬಹಳ ಸೌಜನ್ಯ ಆಗಿದೆ," ಎಂದ ಯೂಜೀನ್.

ಸ್ಟಾಶ್ ತಾನೂ ಸಂಸಾರಸ್ಥ, ಮುಂದೆ ಕೇಳಲಿಲ್ಲ. ಕೆತ್ತುವುದು ಉಚಿತವಾಗಿತ್ತು. ಅಳಿಸುವುದು ಹಾಗಲ್ಲ ಎಂದು ಮಾತ್ರ ವಿನಯದಿಂದ ತಿಳಿಸಿದ. ಯೂಜೀನ್ ಚೌಕಾಸಿ ಮಾಡದೆ ಕೊಟ್ಟ.

ಕೆಲಸ ನಡೆಯುವಾಗ ಅವನೂ ನಿಂತಿದ್ದ. ಉಜ್ಜುವ ಯಂತ್ರ ಹಲ್ಲಿನ ಡಾಕ್ಟರ ಮನೆಯ ಸದ್ದು ಮಾಡಿತು. 'ಪ್ರೀತಿಯ ಪತಿ' ಹೋಯಿತು. 'ಯೂಜೀನ್' ಬಿಳಿಯ ಹುಡಿಯಾಗಿ ಅವನ ಬೂಟಿನ ಮೇಲೆ ಬಿತ್ತು. ಆಗ ಅವನಿಗೆ ಐರೀನಳ ಕೊನೆಯ ದಿನಗಳು ನೆನಪಾದವು. ಎರಡನೆಯ ಹೆಸರು ಉಚಿತ ಎಂದು ಅವನು ಹೇಳಿದಾಗ, ಎದ್ದು ಕೂರಲು ತ್ರಾಣವಿಲ್ಲದ ಅವಳು ನಕ್ಕಿದ್ದಳು. "ಉಚಿತವಾಗಿ ಕೊಡ್ತಾರೆ ಅಂದ್ರೆ ನೀನು ಬಿಡ್ತೀಯಾ? ಹಾಕಿಸು ಜೀನ್. ನಿನ್ನ ಹೆಸರಾದ್ರೂ ಪಕ್ಕದಲ್ಲಿದ್ರೆ ನನಗೆ ಅಷ್ಟೊಂದು ಹೆದರಿಕೆ ಆಗಲ್ಲ," ಎಂದಿದ್ದಳು. ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೈ ಎತ್ತಿ ಸ್ಟಾಶ್‌ನನ್ನು ನಿಲ್ಲಿಸಬೇಕೆಂದುಕೊಂಡ. ಅಷ್ಟರಲ್ಲಿ 'ಬರನ್ಸ್ಕಿ'ಯ ಬಾಲ ಮಾತ್ರ ಉಳಿದಿತ್ತು; ಅದನ್ನು ಇಟ್ಟುಕೊಂಡು ಮಾಡುವುದೇನು?

ಮುಂದಿನ ಭಾನುವಾರ ಲೊರೆಟ್ಟಾಳನ್ನು "ಒಂದು ಜಾಗಕ್ಕೆ ಹೋಗೋಣ" ಎಂದು ಹೊರಡಿಸಿದ. ಅವಳು ಯಾವ ಜಾಗ ಎಂದು ಕೇಳಲಿಲ್ಲ. ಅವನಿಗೂ ಹೇಳುವ ಧೈರ್ಯವಿರಲಿಲ್ಲ. ಕಲ್ಲಿನ ಮುಂದೆ ತಂದು ನಿಲ್ಲಿಸಿ, ಬಹುಮಾನ ತೋರಿಸುವವನ ಹಾಗೆ ಬದಿಗೆ ಸರಿದ.

ಲೊರೆಟ್ಟಾ ಬಗ್ಗಿ ನೋಡಿದಳು. ಕಲ್ಲಿನ ಬಲಭಾಗ ಕಿತ್ತ ಹಲ್ಲಿನ ಜಾಗದ ಹಾಗೆ ತಗ್ಗಾಗಿ ಬೆಳ್ಳಗಿತ್ತು. ಎಡಭಾಗದಲ್ಲಿ ಐರೀನ್ ಒಬ್ಬಳೇ. ಕೆಳಗೆ 'ಎಂದೆಂದಿಗೂ ಜೊತೆಯಲ್ಲಿ' ಹಾಗೇ ಉಳಿದಿತ್ತು. ಅದನ್ನು ತೆಗೆಸುವುದು ಅವನಿಗೆ ಹೊಳೆದಿರಲಿಲ್ಲ.

"ಇದೇನು ಮಾಡಿದೆ?"

"ನಿನಗೋಸ್ಕರ."

"ನಾನು ತೆಗೆಸು ಅಂದಿದ್ನಾ?"

"ಬೇಜಾರಾಗಿದ್ದೆಯಲ್ಲ."

"ನನಗೆ ಜಾಗ ಇಲ್ಲ ಅಂತ ಬೇಜಾರಾಗಿತ್ತು ಜೀನ್. ಅವಳಿಗೆ ಇದೆ ಅಂತ ಅಲ್ಲ." ಅವಳು ಆ ಬಿಳಿಯ ತಗ್ಗಿನ ಮೇಲೆ ಕೈ ಇಟ್ಟಳು. "ಅವಳನ್ನ ಒಂಟಿ ಮಾಡ್ಬಿಟ್ಟೆಯಲ್ಲ. ಏಳೋಕಾಗಲ್ಲ, ಕೇಳೋಕಾಗಲ್ಲ, ಅಂಥೋಳ ಪಕ್ಕದಿಂದ ಎದ್ದು ಬಂದ್ಬಿಟ್ಟೆ. ನಾಳೆ ನಾನು ಹೋದ್ಮೇಲೆ ಇನ್ಯಾರಿಗೋ ಬೇಜಾರಾದ್ರೆ ನನ್ನನ್ನೂ ಹಿಂಗೇ ಉಜ್ಜಿಸ್ತೀಯ."

ಐರೀನ್ ಹೇಳಿದ್ದನ್ನು ಆಗ ಅವನು ಹೇಳಿದ. ಹೇಳಿ, ತನ್ನ ಕೇಸನ್ನು ತಾನೇ ಇನ್ನಷ್ಟು ಕೆಡಿಸಿಕೊಂಡ. ಲೊರೆಟ್ಟಾ ಅವನ ಕಡೆ ನೋಡುವುದನ್ನೇ ಬಿಟ್ಟಳು.

"ನಾನು ಆಗಲೇ ನಮ್ಮಮ್ಮನ ಪಕ್ಕದಲ್ಲಿ ಜಾಗ ತಗೊಂಡಾಯ್ತು. ಊರಾಚೆ," ಎಂದಳು. "ಹೋದ ತಿಂಗಳೇ."

"ಇಬ್ಬರಿಗಾ?"

"ಒಬ್ಬಳಿಗೆ. ನಿನ್ನ ಜಾಗ ಇಲ್ಲಿ ಗೊತ್ತಾಗಿತ್ತಲ್ಲ."

"ಹಾಗಾದ್ರೆ ನಾನು?"

"ಇಲ್ಲೇ ನೆಲ ಇದೆಯಲ್ಲ, ಮಲಕ್ಕೋ. ಹೆಸರಿಲ್ಲ ಅಷ್ಟೆ. ಹೇಳದೆ ಕೇಳದೆ ನುಗ್ಗಿ ಮಲಗಿದೋನ ಥರ."

ಸ್ಟಾಶ್‌ನಿಗೆ ಅಲ್ಲಿಂದಲೇ ಫೋನು ಮಾಡಿದ. ಅದೇ ಜಾಗದಲ್ಲಿ ಮತ್ತೆ ಕೆತ್ತಿದರೆ ಕಲ್ಲು ಸೀಳುತ್ತದೆ, ಬೇಕಾದರೆ ಹಿಂಬದಿಯಲ್ಲಿ ಕೆತ್ತಬಹುದು, ಆದರೆ ಈ ಸಲ ಉಚಿತವಲ್ಲ ಎಂದು ಅವನು ಹೇಳಿದ. ಹಿಂಬದಿ ಎಂದರೆ ಅತ್ತಲಿನ ಬೇಲಿ ಮತ್ತು ಕಸದ ತೊಟ್ಟಿಯ ಕಡೆ. ಯೂಜೀನ್ ಕಲ್ಲನ್ನು ಸುತ್ತಿ ಹೋಗಿ ಆ ನೋಟವನ್ನು ಸ್ವಲ್ಪ ಹೊತ್ತು ಪರಿಶೀಲಿಸಿದ. ಅವನಿಗೆ ಅಳು ಬಂತು. ಮೂಗು ಒರೆಸಿಕೊಂಡು ಹಿಂದಿರುಗಿದರೆ, ಲೊರೆಟ್ಟಾ ಗೋರಿಯ ಪಕ್ಕ ಹುಲ್ಲಿನ ಮೇಲೆ ಕೂತು ವರ್ಷಗಟ್ಟಲೆ ಬೆಳೆದ ಕಳೆ ಕೀಳುತ್ತಿದ್ದಳು. ಕೀಳುತ್ತಾ ಮೆಲ್ಲಗೆ ಮಾತಾಡುತ್ತಿದ್ದಳು, ಅವನ ಹತ್ತಿರ ಅಲ್ಲ.

"...ಅದೂ ಒಂದು ದಿನ ಆದ್ರೂ ಟಿಕೇಟು ತಗೊಂಡು ಎಲ್ಲಿಗಾದ್ರೂ ಕರಕೊಂಡು ಹೋಗಿದ್ದಾನಾ ನಿನ್ನನ್ನ? ನನಗೆ ಗೊತ್ತು ಬಿಡು..."

ಯೂಜೀನ್ ಹತ್ತಿರ ಹೋದ. ಮಾತು ನಿಂತಿತು. ದೂರ ಸರಿದ. ಮಾತು ಮತ್ತೆ ಶುರುವಾಯಿತು. ಅವನು ರಸ್ತೆಯ ಅಂಚಿಗೆ ಹೋಗಿ ಕಾರಿಗೆ ಒರಗಿ ನಿಂತುಕೊಂಡ. ಹೀಗೆ ಒಂದು ಗಂಟೆಯೇ ಆಗಿರಬೇಕು. ಬಾಗಿಲು ಹಾಕುವ ಹೊತ್ತಾಯಿತೆಂದು ಕಾವಲುಗಾರ ಪುಟ್ಟ ಗಾಡಿಯಲ್ಲಿ ಬಂದು ನಿಲ್ಲಿಸಿದ.

"ಯಾರಿಗಾದ್ರೂ ಕಾಯ್ತಿದ್ದೀರಾ ಸಾರ್?"

"ನನ್ನ ಹೆಂಡತಿಗೆ," ಎಂದು ಯೂಜೀನ್ ಆ ಕಡೆ ಕೈ ತೋರಿಸಿದ.

ಕಾವಲುಗಾರ ಕಲ್ಲನ್ನೂ ಹುಲ್ಲಿನ ಮೇಲೆ ಕೂತಿದ್ದವಳನ್ನೂ ನೋಡಿದ. ಇಂಥ ಜಾಗದಲ್ಲಿ ಕೆಲಸ ಮಾಡುವವನು, ಕೇಳಿ ಖಚಿತ ಮಾಡಿಕೊಳ್ಳುವುದು ಅವನ ಅಭ್ಯಾಸ.

"ಯಾರು ಸಾರ್, ಕೂತಿರೋರಾ, ಮಲಗಿರೋರಾ?"

ಕಾರಿಗೆ ಒರಗಿದ್ದ ಯೂಜೀನ್ ನೆಟ್ಟಗೆ ನಿಂತ.

"ಇಬ್ಬರೂ ನನ್ನವರೇ," ಎಂದ. "ಸದ್ಯಕ್ಕೆ ಇಬ್ಬರೂ ನನ್ನ ಜೊತೆ ಮಾತಾಡ್ತಿಲ್ಲ."